ಓರೆಗೆರೆಯ ಆಚೆಯ ಸೊನ್ನೆ

ಹೋದ ವಾರ ಪಿಂಚಣಿಯ ಒಂದು ಅರ್ಜಿಯನ್ನು ಫೋನಿನಲ್ಲಿ ತುಂಬುತ್ತಿದ್ದೆ. ಖಾತೆ ಸಂಖ್ಯೆ ಬರೆದ ಕೂಡಲೇ ಅದರ ಕೆಳಗೆ ಕೆಂಪಕ್ಷರದ ಒಂದು ಸಾಲು ಬಂತು: ಸಂಖ್ಯೆ ಸರಿಯಾದ ರೂಪದಲ್ಲಿಲ್ಲ. ನನಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ನನ್ನದೇ ಆದ ಸಂಖ್ಯೆ, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೂರು ಸಲ ಬರೆದೆ, ಮೂರು ಸಲವೂ ಕೆಂಪು ಸಾಲು. ಕಡೆಗೆ ನೋಡಿದರೆ ಸಂಖ್ಯೆಯ ಹಿಂದೆ ಒಂದು ಖಾಲಿ ಜಾಗ ನುಸುಳಿತ್ತು. ಅದನ್ನು ಅಳಿಸಿದೆ, ಒಪ್ಪಿಕೊಂಡಿತು.

ಅರ್ಜಿ ಹೋಯಿತು, ನನ್ನ ಮನಸ್ಸು ಮಾತ್ರ ಹೋಗಲಿಲ್ಲ. ಇಂಥದೇ ಒಂದು ಬಾಗಿಲನ್ನು ನಾನೂ ಒಂದು ಕಾಲಕ್ಕೆ ಕಟ್ಟಿದ್ದೆ. ಯಾರು ಒಳಗೆ, ಯಾರು ಹೊರಗೆ ಎಂದು ನಾನೇ ಗೆರೆ ಎಳೆದಿದ್ದೆ. ಆ ಬೇಸಿಗೆಯನ್ನು ನೆನೆದರೆ ಈಗಲೂ ಕುಂತಲ್ಲಿ ಕೂಡಲು ಆಗುವುದಿಲ್ಲ.

ಎಂಬತ್ತರ ದಶಕದ ಕೊನೆ. ರಾಯಚೂರಿನಲ್ಲಿ ನಮ್ಮ ಬ್ಯಾಂಕಿನ ವಲಯ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ತಂಪಿನ ಕೋಣೆ, ಕೋಣೆಗೊಂದು ಗಾಜಿನ ಬಾಗಿಲು, ಬಾಗಿಲ ಹೊರಗೆ ಚಪ್ಪಲಿ ಬಿಡುವ ಮಣೆ. ಹೊರಗೆ ಹಂಚು ಕಾದಂಥ ಬಿಸಿಲು. ಯಾವ ಕೆಲಸವೂ ಇಲ್ಲದ ಗುಮಾಸ್ತರೂ ಏನಾದರೊಂದು ನೆಪ ಮಾಡಿಕೊಂಡು ಆ ಕೋಣೆಗೆ ಬಂದು ಬೆನ್ನು ತಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು. ನಾನು ಇಪ್ಪತ್ತಾರರ ಹುಡುಗಿ, ಟೈಪಿಂಗ್ ಚುರುಕು, ಲೆಕ್ಕ ಚುರುಕು, ನಾಲಿಗೆ ಇನ್ನೂ ಚುರುಕು. ‘ನಿನ್ನ ಕಾಲಾಗ ಗಾಲಿ ಅವ ಏನವ್ವಾ’ ಎಂದು ನಮ್ಮವ್ವ ದಿನಾ ಬೈಯುತ್ತಿದ್ದಳು. ಆ ಕೋಣೆಯ ಕೆಲಸ ಚೆನ್ನಾಗಿ ಮಾಡಿದವರನ್ನು ಆರು ತಿಂಗಳ ತರಬೇತಿಗೆ ಹೈದರಾಬಾದಿಗೆ ಕಳಿಸುತ್ತಾರೆಂಬ ಸುದ್ದಿ ಇತ್ತು. ನನಗೆ ಆ ಸುದ್ದಿಯೇ ಊಟ, ಅದೇ ನಿದ್ದೆ.

ಯಂತ್ರದ ಜೊತೆಗೆ ಪ್ರಸಾದ್ ಎಂಬ ತೆಲುಗು ಹುಡುಗ ಬಂದಿದ್ದ. ಶಾಖೆಗಳಿಂದ ಬಂದ ಖಾತೆ ಸಂಖ್ಯೆಗಳನ್ನು ಯಂತ್ರಕ್ಕೆ ಉಣಿಸುವ ಮೊದಲು ಅವು ಸರಿಯಾದ ರೂಪದಲ್ಲಿವೆಯೇ ಎಂದು ಪರೀಕ್ಷಿಸುವುದನ್ನು ಅವನೇ ನನಗೆ ಕಲಿಸಿದ. ಸಾವಿರಾರು ಸಂಖ್ಯೆ ಕಣ್ಣಿಂದ ನೋಡುವುದು ಬೇಡ, ಒಂದೇ ಸಾಲಿನ ಒಂದು ನಮೂನೆ ಬರೆದರೆ ಸಾಕು, ಯಂತ್ರವೇ ಜೊಳ್ಳು ಕಾಳು ಬೇರೆ ಮಾಡುತ್ತದೆ. ಮೊದಲಿಗೆ ಟೊಪ್ಪಿಗೆಯಂಥ ಒಂದು ಗುರುತು: ಸಂಖ್ಯೆ ಇಲ್ಲಿಂದಲೇ ಶುರುವಾಗಬೇಕು. ಆಮೇಲೆ ಊರಿನ ಮೂರು ಅಕ್ಷರ. ಆಮೇಲೆ ಚೌಕ ಕಂಸದೊಳಗೆ ಸೊನ್ನೆಯಿಂದ ಒಂಬತ್ತು, ಮಗ್ಗುಲಿಗೆ ಆರು: ಅಂದರೆ ಆರು ಅಂಕಿ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಗೆ ಡಾಲರ್ ಗುರುತು: ಸಂಖ್ಯೆ ಇಲ್ಲಿಗೆ ಮುಗಿಯಬೇಕು.

‘ಡಾಲರ್ ಮರೆತರೆ ಏನಾಗುತ್ತೆ?’ ಎಂದು ಕೇಳಿದೆ.

‘ಹಿಂದೆ ಏನು ಬಾಲ ಅಂಟಿದ್ರೂ ಒಳಗೆ ಬಂದುಬಿಡುತ್ತಂಡಿ’ ಎಂದ.

ನಾನು ಡಾಲರ್ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಮೊದಲ ಸುತ್ತಿಗೇ ಯಂತ್ರ ನೂರಾರು ಸಂಖ್ಯೆಗಳನ್ನು ಹೊರಗೆ ಹಾಕಿತು. ಅವು ಯಾಕೆ ಹಾಗಿವೆ ಎಂದು ಶಾಖೆಗೇ ಹೋಗಿ ನೋಡಿ ಸರಿಪಡಿಸಿಕೊಂಡು ಬಾ ಎಂದು ವಲಯ ಕಚೇರಿಯ ದೊಡ್ಡ ಸಾಹೇಬರು ನನ್ನನ್ನೇ ಕಳಿಸಿದರು. ಹೆಣ್ಣುಮಗಳನ್ನು ಒಬ್ಬಳನ್ನೇ ಕೆಂಪು ಬಸ್ಸಿನಲ್ಲಿ ತಾಲ್ಲೂಕು ತಾಲ್ಲೂಕು ಕಳಿಸುತ್ತಾರಲ್ಲ ಎಂದು ಮನೆಯಲ್ಲಿ ಗದ್ದಲ. ನಾನು ಮಾತ್ರ ಹಿಂದಿನ ದಿನವೇ ಸೀರೆ ಇಸ್ತ್ರಿ ಮಾಡಿಟ್ಟುಕೊಂಡಿದ್ದೆ.

ಮಾನ್ವಿಯಲ್ಲಿ ಕಂಡದ್ದು ನಗುವ ವಿಷಯ. ಅಲ್ಲಿಯ ಲೆಡ್ಜರಿನಲ್ಲಿ ಎಷ್ಟೋ ಸಂಖ್ಯೆಗಳ ಹಿಂದೆ ಓರೆಗೆರೆ ಎಳೆದು ಅ, ಬ, ಕ ಎಂದು ಬಾಲ ಹಚ್ಚಿದ್ದರು. ಎಲ್ಲವೂ ಒಂದಕ್ಕೆ ಮುಗಿಯುವ ಸಂಖ್ಯೆಗಳೇ. ಯಾಕೆ ಎಂದರೆ, ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಖಾತೆ ತೆರೆಯಲು ಬಂದಾಗ ಅವರ ಪಾಲಿಗೆ ಸೊನ್ನೆಗೆ ಮುಗಿಯುವ ಸಂಖ್ಯೆ ಬಂದಿತ್ತಂತೆ. ‘ಮದುವ್ಯಾಗ ಮುಯ್ಯಿ ಮಾಡಿದರೂ ನೂರರ ಮ್ಯಾಲೊಂದು ಇಡ್ತೀವಿ. ಸೊನ್ನಿ ಹಚ್ಚಿ ಕೊಡ್ತೀರೇನು ನನಗ’ ಎಂದು ಎದ್ದೇ ಬಿಟ್ಟರಂತೆ. ಅವರಿಗೆ ಒಂದಕ್ಕೆ ಮುಗಿಯುವುದನ್ನು ಕೊಟ್ಟ ಸುದ್ದಿ ಕಾಳಿನ ಪೇಟೆಯಾದ ಗಂಜಿನಲ್ಲಿ ಹಬ್ಬಿ, ಉಳಿದವರೂ ಒಂದೇ ಬೇಕೆಂದರು. ಅಷ್ಟು ಒಂದು ಎಲ್ಲಿಂದ ತರುವುದು, ಗುಮಾಸ್ತ ಬಾಲ ಹಚ್ಚಿದ. ಕಲ್ಲೂರಿನವರು ಚೀಕಲಪರ್ವಿಯವರು ಕೂಡ ಆ ಶಾಖೆಗೆ ಬಂದು ‘ಒಂದರದು ಅದ ಏನ್ರಿ’ ಎಂದು ಕೇಳಿ ತೆಗೆದುಕೊಂಡಿದ್ದರು. ಎರಡು ದಿನ ಕೂತು ಅವರಿಗೆಲ್ಲ ಬಾಲವಿಲ್ಲದ ಹೊಸ ಸಂಖ್ಯೆ ಕೊಟ್ಟೆ. ಓರೆಗೆರೆ ಎಂದರೆ ಮಂದಿಯ ಮೂಢನಂಬಿಕೆ, ಅದನ್ನು ಕತ್ತರಿಸುವುದು ನನ್ನ ಕೆಲಸ ಎಂದು ನನ್ನ ತಲೆಯಲ್ಲಿ ಕೂತದ್ದು ಅಲ್ಲಿಯೇ.

ಅದೇ ತಲೆ ಹೊತ್ತುಕೊಂಡು ದೇವದುರ್ಗಕ್ಕೆ ಹೋದೆ. ಅಲ್ಲಿಯ ಲೆಡ್ಜರುಗಳನ್ನು ನೋಡಿಕೊಳ್ಳುತ್ತಿದ್ದವರು ಖಾಜಾಸಾಬರು. ನಿವೃತ್ತಿಗೆ ಒಂದೇ ವರ್ಷ ಇದ್ದ ಹಿರಿಯರು, ಬಿಳಿ ಗಡ್ಡ, ಮುತ್ತು ಪೋಣಿಸಿದಂಥ ಅಕ್ಷರ. ಅವರ ಪುಸ್ತಕದಲ್ಲಿ ಒಂದು ತಪ್ಪು ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಖುಷಿ. ಹತ್ತೊಂಬತ್ತು ಸಂಖ್ಯೆಗಳ ಹಿಂದೆ ಓರೆಗೆರೆ, ಅದರಾಚೆ ಒಂದು ಸಣ್ಣ ಸೊನ್ನೆ.

‘ಇದೇನ್ರಿ, ನಿಮ್ಮ ಊರಾಗ ಸೊನ್ನಿ ಶುಭ ಏನು?’ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಮೇಜಿನಲ್ಲಿ ಇಬ್ಬರು ಗುಮಾಸ್ತರು, ಕಟಕಟೆಯ ಆಚೆ ಮಂದಿ. ‘ಅದು ಹಂಗ ಇರ್ಲಿ ಬಿಡ್ರಿ ಮೇಡಂ’ ಎಂದರು.

‘ಯಾಕ?’

‘ಇರ್ಲಿ ಅಂದೆ. ಇದ್ರ ಯಾರಿಗೂ ತ್ರಾಸ ಇಲ್ಲ.’

‘ಯಂತ್ರಕ್ಕ ತ್ರಾಸ ಅದ’ ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು, ಪಕ್ಕದ ಮೇಜಿನ ಕಡೆ ನೋಡಿ ಸುಮ್ಮನಾದರು. ಸಂಜೆ ನಾನು ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದು ‘ಬೇಟಿ, ಒಂದ್ ಮಾತು’ ಎಂದರು. ಬಸ್ಸು ಹಾರನ್ ಹೊಡೆಯುತ್ತಿತ್ತು. ‘ಕಾಗದ ಬರೀರಿ ಚಾಚಾ’ ಎಂದು ಓಡಿದೆ. ಯಂತ್ರ ಕಂಡರೆ ಆಗದ ಹಳೇ ತಲೆ, ತನ್ನ ಲೆಡ್ಜರಿನ ಮೇಲೆ ಕೈ ಇಟ್ಟರೆಂದು ಸಂಕಟ ಎಂದುಕೊಂಡೆ. ರಾಯಚೂರಿಗೆ ಬಂದ ಮರುದಿನವೇ, ಓರೆಗೆರೆಯೂ ಅದರಾಚೆ ಇರುವುದೂ ಕತ್ತರಿಸು ಎಂದು ಯಂತ್ರಕ್ಕೆ ಹೇಳಿದೆ. ಒಂದು ನಿಮಿಷ ಹಿಡಿಯಲಿಲ್ಲ.

ಎಲ್ಲ ಸಂಖ್ಯೆಯೂ ಒಪ್ಪಿತವಾದ ದಿನ ಸಾಹೇಬರು ಎಲ್ಲರಿಗೂ ಪೇಡೆ ತರಿಸಿದರು. ಆಮೇಲೆ ಖಾತೆದಾರರಿಗೆಲ್ಲ ಕಾಗದ ಕಳಿಸುವ ಕೆಲಸ. ನಿಮ್ಮ ಹೊಸ ಖಾತೆ ಸಂಖ್ಯೆ ಇಂತಿದೆ, ಪಾಸ್‌ಬುಕ್ ತಂದು ಬದಲಿಸಿಕೊಳ್ಳಿ ಎಂಬ ಒಕ್ಕಣೆಯನ್ನು ಕನ್ನಡದಲ್ಲಿ ಸೈಕ್ಲೋಸ್ಟೈಲ್ ಮಾಡಿ, ಹೆಸರು ಸಂಖ್ಯೆಯ ಚೀಟಿ ಯಂತ್ರದಲ್ಲಿ ಅಚ್ಚು ಹಾಕಿ, ಗೋಂದು ಹಚ್ಚಿ ಅಂಟಿಸಿದೆವು. ಮೂರು ದಿನ ಬೆರಳೆಲ್ಲ ಗೋಂದು. ಚೀಲಗಟ್ಟಲೆ ಅಂಚೆಗೆ ಹೋಯಿತು.

ಅಂಚೆಗೆ ಹಾಕಿದ ನಾಲ್ಕನೆಯ ದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಖಾಜಾಸಾಬರು ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು, ಮುಖ ತೊಳೆದಿರಲಿಲ್ಲ. ಹೊಸ ಪಟ್ಟಿ ಅವರ ಶಾಖೆಗೆ ಹಿಂದಿನ ಸಂಜೆ ಮುಟ್ಟಿತ್ತು, ಅದರಲ್ಲಿ ಸೊನ್ನೆ ಇರಲಿಲ್ಲ.

‘ಕಾಗದ ಎಲ್ಲಾರಿಗೂ ಹೋದವೇನು ಬೇಟಿ?’

‘ಹೋದವು.’

ಅವರು ತಲೆ ಹಿಡಿದುಕೊಂಡರು. ಆ ಹತ್ತೊಂಬತ್ತೂ ಹೆಂಗಸರ ಖಾತೆ. ಸಂತೆಯಲ್ಲಿ ಹುಣಸೆಹಣ್ಣು, ಬೆಣ್ಣೆ, ಬಳೆ ಮಾರುವವರು. ಮನೆಗೆ ಗೊತ್ತಿಲ್ಲದಂತೆ ಇಷ್ಟಿಷ್ಟು ಉಳಿಸಿ ತಂದು ಕೊಡುತ್ತಿದ್ದರು. ಅವರ ಪಾಸ್‌ಬುಕ್ಕು ಖಾಜಾಸಾಬರ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಓರೆಗೆರೆಯ ಆಚೆಯ ಸೊನ್ನೆ ಎಂದರೆ ಈ ಖಾತೆಯಿಂದ ಮನೆಗೆ ಹೋಗುವ ಕಾಗದ ಸೊನ್ನೆ. ‘ಯಾರಿಗೂ ಹೇಳಂಗಿಲ್ಲ ಅಂತ ಮಾತ ಕೊಟ್ಟೀನಿ. ಬ್ಯಾಂಕಿನವರಿಗೂ ಹೇಳಿಲ್ಲ, ಎಲ್ಲಾರಿಗೂ ಹೆಂಡ್ತಿ ಅದಾರ, ಅಣ್ಣತಮ್ಮರು ಅದಾರ, ಸುದ್ದಿ ಊರ ತುಂಬ ಹಬ್ಬತದ. ನಿಮಗ ಬಾಗಲದಾಗ ಹೇಳಬೇಕಂತ ಬಂದೆ’ ಎಂದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಅವರ ಜೊತೆಗೇ ದೇವದುರ್ಗದ ಬಸ್ಸು ಹತ್ತಿದೆ. ಸಾಹೇಬರಿಗೆ ಪಟ್ಟಿ ತಾಳೆ ನೋಡಬೇಕು ಎಂದೆ. ಅಂಚೆಯವನು ಕಾಗದ ಹಂಚಿ ಆಗಿತ್ತು. ಆದರೆ ದೇವರು ದೊಡ್ಡವನು, ಗಂಡಸರು ದುಡಿಯಲು ಪುಣೆ ಮುಂಬೈ ಕಡೆ ಹೋಗಿದ್ದ ಕಾಲ ಅದು, ಮಳೆ ಬಿದ್ದ ಮೇಲೆಯೇ ವಾಪಸ್ಸು. ಆ ಸಂಜೆ, ಮರುದಿನ, ಸಂತೆಯಲ್ಲಿ ಒಬ್ಬೊಬ್ಬಳನ್ನೇ ಹುಡುಕಿ ಕೇಳಿದೆವು. ಹದಿನೆಂಟು ಕಾಗದ ಹೆಂಗಸರ ಕೈಗೇ ಬಿದ್ದಿದ್ದವು. ಹತ್ತೊಂಬತ್ತನೆಯದು ಯಂಕಮ್ಮನದು.

ಯಂಕಮ್ಮ ಹುಣಸೆಹಣ್ಣಿನ ಬುಟ್ಟಿಯ ಮುಂದೆ ಕೂತಿದ್ದಳು. ನಲವತ್ತರ ಆಸುಪಾಸು, ಬೀಜ ಬಿಡಿಸಿ ಬಿಡಿಸಿ ಬೆರಳು ಕಂದಾಗಿದ್ದವು. ವಿಷಯ ಕೇಳಿ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟಳು. ‘ನನಗ ಯಾವ ಕಾಗದ ಬಂದಿಲ್ಲ ಯವ್ವಾ’ ಎಂದಳು. ಆಕೆಯ ಗಂಡ ಅಮರಪ್ಪ ಗೌಂಡಿ, ಗಾರೆ ಕೆಲಸದವನು. ಪುಣೆಯಲ್ಲಿ ಹಲಗೆ ಬಿದ್ದು ಕಾಲು ನೊಂದು, ಉಳಿದವರಿಗಿಂತ ಮೊದಲೇ ಊರಿಗೆ ಬಂದು ಮನೆಯಲ್ಲಿದ್ದ.

‘ಕುಡೀತಾರೇನು?’ ಎಂದು ಕೇಳಿದೆ. ನನಗೆ ತಿಳಿದಿದ್ದದ್ದು ಅಷ್ಟೇ.

‘ಅಯ್ಯ, ಬಿಡು. ಚಾ ಸೈತ ಇನ್ನೊಬ್ಬರಿಗೆ ಕುಡಿಸಿ ತಾ ಕುಡಿಯಾಂವ’ ಎಂದಳು. ‘ಬೈಯಂಗಿಲ್ಲ, ಬಡಿಯಂಗಿಲ್ಲ. ಇಲ್ಲ ಅನ್ನಾಕ ಬರಂಗಿಲ್ಲ ಅವನಿಗೆ, ಅದ ಅವನ ರೋಗ. ಯಾರ ಬಂದು ಕೈ ಚಾಚಿದ್ರೂ ಕೊಡ್ತಾನ. ನನ್ನ ಕಾಲಕಡಗ ಹಂಗ ಹೋದವು, ಎಮ್ಮಿ ಹಂಗ ಹೋತು. ಇದು ಮಗಳದು. ಬರೋ ವರ್ಷ ಅಕಿನ್ನ ರಾಯಚೂರಾಗ ಹಾಸ್ಟೆಲಿಗೆ ಹಚ್ಚಿ ಟೀಚರ್ ಓದಸಬೇಕು. ಅವನಿಗೆ ಗೊತ್ತಾತಂದ್ರ ಇದೂ ಹೋತು. ಕೊಟ್ಟು ಬಂದು ನನ್ನ ಮುಂದ ಕುಂತು ಅಳ್ತಾನ. ಅಳೋ ಗಂಡಸಿಗೆ ಏನ್ ಬೈತಿ?’

ಮೂರು ದಿನ ಆಕೆ ಮನೆಯ ಗೂಡು, ಗಡಿಗೆ, ಹಾಸಿಗೆಯ ಅಡಿ ಎಲ್ಲ ಹುಡುಕಿದಳು. ಕಾಗದ ಸಿಗಲಿಲ್ಲ. ಅಂಚೆಯವನು ಮಾತ್ರ ಮನೆಯವರಿಗೆ ಮುಟ್ಟಿಸಿದ್ದೇನೆ ಎಂದೇ ಹೇಳಿದ. ಹಾಗಾದರೆ ಅದು ಅಮರಪ್ಪನ ಕೈಯಲ್ಲೇ ಇರಬೇಕು.

ನಾನು ರಾಯಚೂರಿಗೆ ವಾಪಸ್ಸಾದೆ. ಊಟ ಸೇರಲಿಲ್ಲ. ಮಾಳಿಗೆಯ ಮೇಲೆ ಮಲಗಿದರೆ ಬಿಸಿಗಾಳಿ, ಕೆಳಗೆ ಬಂದರೆ ಕರೆಂಟಿಲ್ಲ. ಒಂದು ಯೋಚನೆ ಬಂತು, ಕೆಟ್ಟದ್ದೋ ಒಳ್ಳೆಯದೋ ಎಂದು ತೂಗಿ ನೋಡಲು ಸಹ ತಾಳ್ಮೆ ಇರಲಿಲ್ಲ. ಬ್ಯಾಂಕಿನ ಹೆಸರಿದ್ದ ಹಾಳೆಯ ಮೇಲೆ ನನ್ನ ಕೈಯಿಂದಲೇ ಯಂಕಮ್ಮನ ಹೆಸರಿಗೆ ಬರೆದೆ: ಹಿಂದೆ ಕಳಿಸಿದ ಪತ್ರ ಕಣ್ತಪ್ಪಿನಿಂದ ಬಂದಿದೆ, ಈ ಹೆಸರಿನ ಯಾವ ಖಾತೆಯೂ ದೇವದುರ್ಗ ಶಾಖೆಯಲ್ಲಿ ಇಲ್ಲ. ಖಾಜಾಸಾಬರಿಗೆ ಫೋನು ಮಾಡಿ ಹೇಳಿದೆ. ‘ಸುಳ್ಳಿಗೆ ಸಿಕ್ಕಾ ಒತ್ತಬ್ಯಾಡ ಬೇಟಿ, ನೌಕರಿ ಹೋದೀತು’ ಎಂದರು. ಅವರು ಹೇಳುವಷ್ಟರಲ್ಲಿ ನಾನು ಬ್ಯಾಂಕಿನ ಮೊಹರು ಒತ್ತಿ ಆಗಿತ್ತು. ಗಂಡನ ಕೈಗೇ ಸಿಗಲಿ ಎಂದೇ ಅಂಚೆಗೆ ಹಾಕಿದೆ. ದೊಡ್ಡ ಸಾಹೇಬರಿಗೆ ಹೇಳಲಿಲ್ಲ, ಫೈಲಿಗೆ ನಕಲು ಇಡಲಿಲ್ಲ.

ಆಮೇಲಿನ ಹದಿನೈದು ದಿನ ಹೇಗೆ ಕಳೆದೆನೋ. ಕೋಣೆಯಲ್ಲಿ ಕೂತರೆ ಗಾಜಿನ ಬಾಗಿಲಾಚೆ ಯಾರ ನೆರಳು ಸುಳಿದರೂ ಎದ್ದು ನೋಡುತ್ತಿದ್ದೆ. ಪ್ರಸಾದನಿಗೆ ಕಾರಣ ಹೇಳದೆ, ಓರೆಗೆರೆ ಸೊನ್ನೆ ಇದ್ದರೂ ಸರಿ ಇಲ್ಲದಿದ್ದರೂ ಸರಿ ಎನ್ನುವಂತೆ ನಮೂನೆ ಬದಲಿಸುವುದು ಹೇಗೆ ಎಂದು ಕೇಳಿದೆ. ಎರಡು ಗುರುತು ಸೇರಿಸಿ ತೋರಿಸಿದ, ಅಷ್ಟೇ. ಆ ಹತ್ತೊಂಬತ್ತು ಸಂಖ್ಯೆಗೆ ಸೊನ್ನೆ ಮರಳಿ ಬಂತು, ಅವಕ್ಕೆ ಚೀಟಿ ಅಚ್ಚಾಗದಂತೆ ಯಂತ್ರಕ್ಕೆ ಹೇಳಿದೆ. ಇಷ್ಟು ಸಲೀಸು ಎಂದು ಮೊದಲೇ ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ, ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಮೊದಲ ಮಳೆ ಬಿದ್ದ ದಿನ ಮಧ್ಯಾಹ್ನ ಜವಾನ ಬಂದು, ಯಾರೋ ದೇವದುರ್ಗದವರು ಎಂದ. ಹೊರಗೆ ಮೆಟ್ಟಿಲ ಬಳಿ ಎತ್ತರದ ಒಬ್ಬ ಮನುಷ್ಯ ಕೋಲೂರಿಕೊಂಡು ನಿಂತಿದ್ದ. ಒದ್ದೆ ಅಂಗಿ. ಕಿಸೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಎರಡು ಕಾಗದ ತೆಗೆದ. ಒಂದು ಯಂತ್ರದ ಚೀಟಿಯದು, ಇನ್ನೊಂದು ನನ್ನ ಅಕ್ಷರದ್ದು.

‘ನಾನು ಅಮರಪ್ಪ ರೀ, ಯಂಕಮ್ಮನ ಗಂಡ. ಇದನ್ನ ಬರದೋರು ಯಾರ್ರಿ?’ ಎಂದ.

‘ನಾನೇ’ ಎಂದೆ.

‘ಹಂಗಾದ್ರ ನನ್ನ ಹೆಂಡ್ತಿ ರೊಕ್ಕ ಎಲ್ಲಿ ಹೋತ್ರಿ ಅಕ್ಕಾರ?’

ಅವನೇ ಹೇಳಿದ. ಓದಲು ಅವನಿಗೆ ಬರುತ್ತಿತ್ತು. ಅಂಚೆಯವನು ಹೋಟೆಲಿನ ಮುಂದೆಯೇ ಯಂಕಮ್ಮಗ ಬ್ಯಾಂಕಿನ ಕಾಗದ ಬಂದದ ಎಂದು ಕೂಗಿ ಕೊಟ್ಟಿದ್ದನಂತೆ. ಓದಿದಾಗ ಅವನಿಗೆ ಸಿಟ್ಟು ಬರಲಿಲ್ಲವಂತೆ. ‘ಖರೇ ಹೇಳ್ತೀನಿ ಅಕ್ಕಾರ, ಜೀವ ತಣ್ಣಗಾತು. ನನ್ನಂಥಾವನ ಕೂಡ ಬಾಳೇ ಮಾಡಿ ಅಕಿ ಏನರ ಉಳಿಸ್ಯಾಳಲ್ಲ ಅಂತ. ಮುಚ್ಚಿಟ್ಟಿದ್ದ ಬರೋಬರಿ ಅದ. ನನಗ ಗೊತ್ತಾತು ಅಂತ ಅಕಿಗೆ ತಿಳದ್ರ ಅಂಜ್ತಾಳಂತ ಕಾಗದ ನನ್ನ ಕರಣಿ ಚೀಲದಾಗ ಇಟ್ಟೆ. ಆಮ್ಯಾಲ ಇದು ಬಂತು. ಖಾತಿನ ಇಲ್ಲ ಅಂತ. ಅವತ್ತಿಂದ ಅನ್ನ ಇಳಿದಿಲ್ಲ. ಅಕಿನ್ನ ಕೇಳಾಕ ಬರಂಗಿಲ್ಲ. ರೊಕ್ಕ ಹೋದದ್ದು ಅಕಿಗೆ ಗೊತ್ತದನೋ ಇಲ್ಲೋ.’ ಎರಡೂ ಕಾಗದ ನನ್ನ ಮುಂದೆ ಹಿಡಿದ. ‘ಮಗಳ ಓದಿಂದ ಇರಬೇಕ್ರಿ ಅದು. ನೋಡಿ ಹೇಳ್ರಿ ಅಕ್ಕಾರ.’

ನಾನು ಅಳಲು ಶುರುಮಾಡಿದೆ. ಕಚೇರಿಯ ಮೆಟ್ಟಿಲ ಮೇಲೆ, ಜವಾನನ ಮುಂದೆ. ಖಾತೆ ಇದೆ, ರೊಕ್ಕ ಇದೆ, ನಿಮಗೆ ತಿಳಿಯಬಾರದೆಂದು ನಾನೇ ಸುಳ್ಳು ಬರೆದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅಮರಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಯಂತ್ರದ ಚೀಟಿ ಇದ್ದ ಕಾಗದವನ್ನು ನನ್ನ ಕೈಗೆ ಕೊಟ್ಟ. ‘ಇದು ನಿಮ್ಮ ಕಡೆನ ಇರ್ಲಿ. ವಾಪಸ್ ಬಂತು ಅಂತ ಹೇಳಿ ಅಕಿಗೆ ಕೊಡ್ರಿ, ಹುಡುಕಿ ಹುಡುಕಿ ಸಾಯಾಕತ್ಯಾಳ. ನಾ ಕೊಟ್ಟೆ ಅನಬ್ಯಾಡ್ರಿ.’

‘ಇನ್ನೊಂದು?’ ಎಂದು ಕೈ ಚಾಚಿದೆ. ಆ ಸುಳ್ಳಿನ ಕಾಗದವನ್ನು ಹರಿದು ಹಾಕುವ ಆತುರ ನನಗೆ.

ಅವನು ಅದನ್ನು ಮಡಿಸಿ ಕಿಸೆಗೆ ಇಟ್ಟುಕೊಂಡ. ‘ಇದು ನನಗ ಬೇಕ್ರಿ’ ಎಂದ. ಹೋಟೆಲಿನಲ್ಲಿ ಅಂಚೆಯವನು ಕೂಗಿದ ದಿನದಿಂದ ಮಂದಿ ಕೇಳಲು ಬರುತ್ತಿದ್ದರಂತೆ, ನಿನ್ನ ಹೆಂಡತಿಯ ಹೆಸರಿಗೆ ಬ್ಯಾಂಕಿನಲ್ಲಿ ಇದೆಯಲ್ಲ, ಕೊಡಿಸು ಎಂದು. ‘ಇಲ್ಲ ಅನ್ನೋದು ನನ್ನ ಬಾಯಿಗೆ ಬರಂಗಿಲ್ಲ ಅಕ್ಕಾರ. ಹುಟ್ಟಿದಾಗಿಂದ ಬಂದಿಲ್ಲ. ಇದರಾಗ ನೀವು ಬರದೀರಿ, ಸಿಕ್ಕಾ ಅದ. ಕೇಳಿದೋರಿಗೆ ತೋರಸ್ತೀನಿ.’ ಮಳೆ ನಿಲ್ಲುವ ತನಕ ಕೂತಿರಿ ಎಂದರೂ ಕೇಳದೆ, ಕೋಲೂರುತ್ತಾ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಯಂತ್ರದ ಚೀಟಿಯ ಕಾಗದವನ್ನು, ಅಂಚೆಯಿಂದ ವಾಪಸ್ ಬಂತು ಎಂದು ಹೇಳಿ ಯಂಕಮ್ಮನಿಗೆ ಮುಟ್ಟಿಸಿದೆ. ಹೈದರಾಬಾದಿನ ತರಬೇತಿಗೆ ಬೇರೊಬ್ಬರು ಹೋದರು. ಖಾಜಾಸಾಬರು ನಿವೃತ್ತರಾಗುವಾಗ ಅವರ ಜಾಗಕ್ಕೆ ನಾನೇ ಕೇಳಿ ಹೋದೆ, ಪಾಸ್‌ಬುಕ್ಕಿನ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಮರುವರ್ಷ ಬೇಸಿಗೆ ಕಳೆದು, ಯಂಕಮ್ಮ ಮಗಳ ಹಾಸ್ಟೆಲಿಗೆಂದು ರೊಕ್ಕ ತೆಗೆಯಲು ಬಂದಳು. ಹೆಬ್ಬೆಟ್ಟು ಒತ್ತಿ, ಸೆರಗಿಗೆ ಬೆರಳು ಒರೆಸಿಕೊಂಡು, ಹೋಗದೆ ನಿಂತಳು. ಕಟಕಟೆಯ ಮೇಲೆ ಬಾಗಿ ದನಿ ಇಳಿಸಿದಳು.

‘ಯವ್ವಾ, ಒಂದ್ ವಿಚಿತ್ರ ಹೇಳ್ತೀನಿ. ಒಂದ್ ವರ್ಷ ಆತು, ನನ್ನ ಗಂಡನ ಕಡೆ ಒಬ್ಬರೂ ಕೇಳಾಕ ಬರವಲ್ರು. ಏನ್ ಮಾಡ್ಯಾನೋ ಏನೋ, ಶಾಣ್ಯಾ ಆಗ್ಯಾನ.’ ರೊಕ್ಕವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾ, ‘ಇನ್ನ ಅವನಿಗೆ ಖಾತಿ ಸುದ್ದಿ ಹೇಳಿಬಿಡ್ಲೇನು? ಮುಚ್ಚಿಟ್ಟು ಮುಚ್ಚಿಟ್ಟು ನನಗ ಸಾಕಾಗ್ಯದ’ ಎಂದಳು.

‘ಹೇಳು’ ಎಂದೆ.

‘ಇಷ್ಟು ದಿನ ಯಾಕ ಹೇಳಲಿಲ್ಲಂತ ನೊಂದಕೊಂಡ್ರ?’

‘ನೊಂದಕೊಳ್ಳಂಗಿಲ್ಲ’ ಎಂದೆ. ‘ಇವತ್ತ ಹೇಳು, ಯಂಕಮ್ಮ. ಮನಿಗೆ ಹೋದ ಕೂಡ್ಲೆ ಹೇಳು.’